ಮೂರು ಐವತ್ತೈದು

ಹಂಪನಕಟ್ಟೆಯ ಮಹಡಿಯಲ್ಲಿ ಹಿಲರಿ ಕುವೆಲ್ಲೊ
ಬನಿಯನಿನಲ್ಲೇ ಕೂತು ಹೇಳಿದ:
"ಮೂರೂ ಐವತ್ತೈದೇ ಮಾರಾಯ್ತಿ, ಹೆಸರೂ ಒಂದೇ.
ಸ್ವಭಾವ ಬೇರೆ."

ಟಾರ್ಚು ಹಾಯಿಸಿದರೆ ಹಳೆಯದರ ಅಂಚಿನಲ್ಲಿ ಬೂಷ್ಟು,
ಜೇಡ ಅರ್ಧಕ್ಕೆ ಬಿಟ್ಟುಹೋದ ಹಾಗೆ.
ನಮ್ಮೂರಿನ ಗಾಳಿ, ಏನು ಮಾಡುವುದು,
ಉಪ್ಪಿನ ಭರಣಿಯೇ ಬೆವರುತ್ತದೆ ಇಲ್ಲಿ.

ನಡುವಿನದಕ್ಕೆ ರಬ್ಬರಿನ ಉಂಗುರ. ತಕರಾರಿಲ್ಲ.
ಹೇಳಲಿಕ್ಕೂ ಏನಿಲ್ಲ.

ಕೊನೆಯದು ಬೆಳಕಿಗೆ ಧಾರಾಳಿ, ಆದರೆ
ಎಸಳುಗಳಿಗೆ ಎಣ್ಣೆ ಇಳಿದು
ಕ್ಲಿಕ್ಕಿಸಿದರೆ ನಿಧಾನಕ್ಕೆ ಮುಚ್ಚುತ್ತದೆ,
ಊಟವಾದ ಗುಮಾಸ್ತನ ರೆಪ್ಪೆಯಂತೆ.

ಪರೀಕ್ಷೆಗೆ ನಾನು ತಂದದ್ದು
ಕೊಡ್ಡಾಯಿ ಮೀನಿನ ತಲೆಯೊಳಗಿನ ಕಲ್ಲು.
ದಕ್ಕೆಯಲ್ಲಿ ಜಲಜಕ್ಕ ಸುಮ್ಮನೆ ಕೊಟ್ಟದ್ದು,
ಹುಣಸೆಬೀಜಕ್ಕಿಂತ ಚಿಕ್ಕದು.
ಸೀಳಿ, ಉಜ್ಜಿ, ಗಾಜಿಗೆ ಅಂಟಿಸಿದ್ದೆ.
ಒಳಗೆ ಬಳೆಗಳು; ಬಳೆಗೊಂದು ವರ್ಷ
ಎಂಬುದು ನಮ್ಮ ಲ್ಯಾಬಿನ ಲೆಕ್ಕ.

ಕೊನೆಯದು ತೋರಿತು ಮೂರು, ಗೆರೆ ಕೊರೆದಂತೆ.
ನಡುವಿನದೂ ಮೂರು.
ಹಳೆಯದನ್ನು ತಿರುಗಿಸುತ್ತ ಹೋದೆ.
ಹತ್ತಿರವಾದಷ್ಟೂ ಅದು
ಯಾರೂ ಕೇಳದೆ ಕಣ್ಣರಳಿಸುತ್ತದೆ.
"ಆಗ ಹಾಗೆ ಮಾಡುತ್ತಿದ್ದರು," ಅಂದ ಹಿಲರಿ,
"ಹತ್ತಿರ ಹೋದರೆ ಬೆಳಕು ಸಾಲುವುದಿಲ್ಲ,
ಅದು ನಿನಗೆ ಗೊತ್ತಾಗಬಾರದು ಅಂತ."

ಬೂಷ್ಟಿನ ಮಂಜಿನೊಳಗೆ ಅದೇ ಮೂರು ಬಳೆ.
ಮತ್ತೆ, ತೀರಾ ಅಂಚಿಗೆ,
ಇದೆಯೋ ಇಲ್ಲವೋ, ನಾಲ್ಕನೆಯದರ ಶುರು.

ಅದು ಮೀನಿನದೋ ಗಾಜಿನದೋ
ಇವತ್ತಿಗೂ ಹೇಳಲಾರೆ.
ಹಿಲರಿ ಬೇಡವೆಂದರೂ ಹಳೆಯದನ್ನೇ
ಪೇಪರು ಸುತ್ತಿಸಿಕೊಂಡು ಬಂದೆ.

ಲೆಕ್ಕದ ಪುಸ್ತಕದಲ್ಲಿ ಬರೆದಿದ್ದೇನೆ: ಮೂರು.
ಪಕ್ಕದಲ್ಲಿ, ಪೆನ್ಸಿಲಿನಲ್ಲಿ,
ಒಂದು ಚುಕ್ಕೆ.