ಸಮುದ್ರಕ್ಕೆ ಹೆಪ್ಪು

ಮಾರ್ಚ್ ಇಪ್ಪತ್ತಮೂರಕ್ಕೆ ಮೀನು ಈಜುತ್ತಿರಬೇಕು ಅಂದರು
ಹೆಡ್‌ಮಾಸ್ಟರ್ ಅರಾನಿಬಾರ್.
ಅವತ್ತು ಫೆಬ್ರವರಿ ಇಪ್ಪತ್ತು.
ಬೆರಳು ಮಡಿಸಿ ಎಣಿಸಿದೆ, ಏನೂ ಹೇಳಲಿಲ್ಲ.
ಸೀಸೆ ತೊಳೆಯುವವಳ ಲೆಕ್ಕ ಯಾರಿಗೆ ಬೇಕು.

ಓರುರೊ ಊರಿಗೆ ಸಮುದ್ರವಿಲ್ಲ. ಬೊಲಿವಿಯಾಕ್ಕೇ ಇಲ್ಲ.
ಇತ್ತಂತೆ, ಯುದ್ಧದಲ್ಲಿ ಹೋಯಿತಂತೆ.
ವರ್ಷವರ್ಷವೂ ಆ ದಿನ ಮಕ್ಕಳು
ನೀಲಿ ಕಾಗದದ ಅಲೆ ಹಿಡಿದು ಬೀದಿಯಲ್ಲಿ ನಡೆಯುತ್ತಾರೆ.
ಈ ಸಲ ಕಾಗದ ಬೇಡ, ನಿಜವಾದದ್ದೇ ಆಗಲಿ:
ಇನ್ನೂರು ಲೀಟರಿನ ಗಾಜಿನ ಪೆಟ್ಟಿಗೆ,
ಮೂರು ಸಾವಿರದ ಏಳುನೂರು ಮೀಟರ್ ಎತ್ತರದಲ್ಲಿ.

ಉಪ್ಪಿಗೇನು ಬರ, ಎಂದು ನಕ್ಕ ಕಾವಲಿನ ತಿಬುರ್ಸಿಯೊ.
ಬಸ್ಸು ಹತ್ತಿದರೆ ಉಯುನಿ,
ಹಾಸಿ ಹೊದೆಯುವಷ್ಟು ಉಪ್ಪು.
ಆದರೆ ಅದು ಸಾರಿನ ಉಪ್ಪು, ಸಮುದ್ರದ್ದಲ್ಲ.
ನಮ್ಮದು ಬಿಳಿ ಬಕೆಟ್ಟಿನಲ್ಲಿ ಬಂತು
ಆಂತೊಫಗಸ್ತಾದಿಂದ.
ನಾವು ಕಳಕೊಂಡ ಅದೇ ಬಂದರು.
ರಶೀದಿಯಲ್ಲಿ ಸುಂಕ ಬೇರೆ.

ಲೀಟರಿಗೆ ಮೂವತ್ತೈದು ಗ್ರಾಂ. ಕಲಸಿ, ರಾತ್ರಿಯೆಲ್ಲ ತಿರುಗಲು ಬಿಟ್ಟು,
ಒಂದು ಹನಿಯನ್ನು ಬೆಳಕಿಗೆ ಹಿಡಿದು ನೋಡಿದೆ:
ಒಂದು ಬಿಂದು ಸೊನ್ನೆ ಎರಡು ಐದು.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ನೀರೇ ಉಪ್ಪು ತಿಂದರೆ?

ಆಮೇಲೆ ಹೆಪ್ಪು.
ಒದ್ದೆ ಪತ್ರಿಕೆಯಲ್ಲಿ ಸುತ್ತಿ ಬಂದ, ಕೆಸರು ನಾತದ, ತೂತುತೂತಿನ ಕಲ್ಲು.
ತೂತುಗಳ ಒಳಗೆ ಕಣ್ಣಿಗೆ ಬೀಳದವರ ಸಂಸಾರ.
ಅವರ ಊಟಕ್ಕೆ ಒಂದು ಸತ್ತ ಸೀಗಡಿ
ನನ್ನ ಹಳೇ ಕಾಲುಚೀಲದಲ್ಲಿ ಕಟ್ಟಿ ಇಳಿಬಿಟ್ಟೆ.
ಕೊಳೆಯಲಿ ಎಂದು ಕಾಯುವ ಅಡುಗೆ ಇದು.

ಆರನೇ ದಿನ ಕೊಳವೆಯಲ್ಲಿ ಹಳದಿ ಹೋಗಿ ಹಸಿರು.
ಅಮೋನಿಯಾ.
ಹೆಡ್‌ಮಾಸ್ಟರ್ ಬಗ್ಗಿ ನೋಡಿ,
ನೀರು ತಿಳಿಯಾಗೇ ಇದೆಯಲ್ಲ, ಅಂದರು.
ಅಪ್ಪ ಇಪ್ಪತ್ತೆರಡು ವರ್ಷ ತವರದ ಗಣಿಯಲ್ಲಿ
ಉಸಿರಾಡಿದ ಗಾಳಿಯೂ ತಿಳಿಯಾಗೇ ಇತ್ತು.

ಇಲ್ಲಿ ಗಾಳಿ ತೆಳು.
ಕೆಳಗಿನ ಊರವರು ನಾಲ್ಕು ಮೆಟ್ಟಿಲು ಹತ್ತಿ ಗೋಡೆ ಹಿಡಿಯುತ್ತಾರೆ,
ನೀರಿಗೂ ಅದೇ ಏದುಸಿರು. ಒಂದರ ಬದಲು ಎರಡು ಪಂಪು.
ಕರೆಂಟು ಹೋದ ರಾತ್ರಿ
ಹೆಗಲ ಮೇಲಿನ ಉಣ್ಣೆ ತೆಗೆದು ಗಾಜಿಗೆ ಹೊದಿಸಿದೆ,
ಬೆಳಗಿನವರೆಗೂ ಬಟ್ಟಲಿಂದ ಮೊಗೆದು ಸುರಿದೆ, ಮೊಗೆದು ಸುರಿದೆ.
ಯಾರಿಗಾಗಿ ಎಂದು ತಿಬುರ್ಸಿಯೊ ಕೇಳಿದ.
ತೋರಿಸಲು ಏನೂ ಇರಲಿಲ್ಲ.

ಹಸಿರು ಇಳಿಯಿತು. ಇನ್ನೊಂದು ಕೊಳವೆ ಏರಿತು:
ಸಂತೆಬಾಗಿಲಲ್ಲಿ ಮಾರುವ ನೇರಳೆ ಜೋಳದ ಗಂಜಿಯ ಬಣ್ಣ.
ಹದಿನೆಂಟನೇ ತಾರೀಕು
ಕೊಚಬಂಬಾದಿಂದ ಮೀನು ತರಲು ದುಡ್ಡು ಕೊಟ್ಟರು.
ಸಂಜೆ ಆ ದುಡ್ಡನ್ನೂ ಆ ನೇರಳೆಯನ್ನೂ
ಅವರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ.
ಬಾಣಂತಿ ಹೊಸ್ತಿಲು ದಾಟುವುದಕ್ಕೂ ನಲವತ್ತು ದಿನ ಬೇಕು ಸಾರ್.
ಅವರು ಕೊಳವೆ ನೋಡಿದರು, ನನ್ನನ್ನು ನೋಡಿದರು,
ದುಡ್ಡು ಎಣಿಸಿಕೊಂಡರು.

ಇಪ್ಪತ್ತಮೂರು. ಬ್ಯಾಂಡು, ಬಾವುಟ, ಭಾಷಣ.
ಮಕ್ಕಳು ಸಾಲಾಗಿ ಬಂದು ಗಾಜಿಗೆ ಮೂಗು ಒತ್ತಿ
ಮೀನೆಲ್ಲಿ, ಮೀನೆಲ್ಲಿ.
ಕಲ್ಲಿನ ಮೇಲೆ ಕಂದು ಲೋಳೆ, ಎರಡು ಪಂಪಿನ ಗುಳ್ಳೆ, ಅಷ್ಟೆ.
ಯೆರ್ಕೊ ಎಂಬ ಹುಡುಗ, ನಾವಿಕನ ಟೋಪಿ ಕಿವಿಗೆ ಜಾರಿದವನು,
ಆ ಬರಿನೀರಿಗೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ.
ನಗಲು ನೋಡಿದೆ. ಆಗಲಿಲ್ಲ.

ಏಪ್ರಿಲ್ ಮೂರಕ್ಕೆ ಎರಡೂ ಸೊನ್ನೆ.
ನಂಬದೆ ಮತ್ತೊಮ್ಮೆ ಹನಿ ಹಾಕಿ ಕುಲುಕಿದೆ. ಸೊನ್ನೆ.
ಉಳಿದದ್ದು ನೈಟ್ರೇಟು; ಅದಕ್ಕೆ ಐವತ್ತು ಲೀಟರ್ ಚೆಲ್ಲಿ
ಐವತ್ತು ಹೊಸದು ಸುರಿದೆ.
ಮೊದಲು ಬಂದದ್ದು ಮೀನಲ್ಲ, ಒಂದು ಬಸವನಹುಳು.
ಕಂದು ಗಾಜಿನ ಮೇಲೆ
ಅದು ನಡೆದಷ್ಟೇ ಅಗಲಕ್ಕೆ ಬೆಳಕು.

ಕೊಳವೆ ತೊಳೆದು ಕವುಚಿಟ್ಟು
ಕೈ ಮೂಸಿ ನೋಡಿಕೊಂಡೆ.
ಹೀಗೇ ಇರುತ್ತದೋ ಏನೋ.
ನಾನು ನೋಡಿದವಳಲ್ಲ.