ಟವೆಲ್ಲಿನ ಹಂಸ

ಏಳು ವರ್ಷಾತು, ಪಣಜಿಯ ಆ ಹೋಟೆಲಿನಾಗ
ದಿನಕ್ಕ ಹದಿನಾಕು ಖೋಲಿ, ಖೋಲಿಗೊಂದು ಹಂಸ.
ಟವೆಲ್ಲಿನ ಎರಡೂ ಅಂಚು ನಡುವಿಗೆ ಸುತ್ತಿ
ತುದಿ ಹಿಡಿದು ಬಗ್ಗಿಸಿದರ ಕುತ್ತಿಗಿ ಬರತೈತಿ.
ಮೊದಲನೇ ವಾರ ನನ್ನವೆಲ್ಲ ಬಾತುಕೋಳಿ ಆಗತಿದ್ವು,
ಮೇಡಂ ಬಿಚ್ಚಿ ಒಗದು ಮತ್ತೊಮ್ಮೆ ಅಂತಿದ್ಲು.
ಈಗ ಕಣ್ಣು ಮುಚ್ಚಿ ಮಡಚತೀನಿ.
ಖರೇ ಹಂಸ ನಾ ನೋಡಿಲ್ಲ.

ಬಂದವರಿಗೆಲ್ಲ ನಾನೇ ದಾರಿ ಹೇಳತಿದ್ದೆ:
ರಿಬಂದರಕ್ಕ ಹೋಗ್ರಿ, ಫೆರಿ ಹತ್ರಿ, ಆಚೆ ದಂಡಿ ಚೊಡಣ,
ನಡುಗಡ್ಡಿ. ಮೊಸಳಿ ಅದಾವಂತ.
ಆ ‘ಅಂತ’ ಅನ್ನೂದು
ನನ್ನ ಹಿಂದಿಯೊಳಗ ಉದುರಿ ಹೋಗತಿತ್ತು,
ನೋಡಿದವಳಂಗ ಕೇಳತಿತ್ತು.

ಕಸ್ತೂರಿಗೆ ಸಾಲ್ಯಾಗ ಹೇಳಿದ್ರು:
ಇಲ್ಲೀದೇ ಆದ ಹತ್ತು ಜೀವ, ಕಣ್ಣಾರೆ ನೋಡಿ ಬರೀರಿ.
ಗುರುವಾರ ನನ್ನ ಸೂಟಿ.

ಫೆರಿಯೊಳಗ ನಡಕೊಂತ ಬಂದವರಿಗೆ ರೊಕ್ಕಿಲ್ಲ.
ಮೀನದ ಬುಟ್ಟಿ, ಗ್ಯಾಸಿನ ಸಿಲಿಂಡರು, ನಾವಿಬ್ಬರು.
ಕೆಳಗ ನಮ್ಮ ಕಡೆಯಿಂದ ಬಂದ ಮಹದಾಯಿ,
ಇಲ್ಲಿ ಮಾಂಡವಿ ಅಂತ ಕರಸಗೋತಾಳ.

ಡೋಣಿಯವ ಗುರುದಾಸ ಎಂಟುನೂರು ಅಂದ.
ನನ್ನ ಮಗಳು ಕೊಂಕಣಿಯೊಳಗ ಜಗಳಾಡಿ
ಐನೂರಕ್ಕಿಳಿಸಿದ್ಲು. ನಾ ಸುಮ್ಮನ ಕುಂತೆ.
ನಮ್ಮ ಜೋಡಿ ಇನ್ನಿಬ್ಬರು, ಹೊಸಾ ಮದುವಿಯವರು,
ಮೊಳಕೈಯುದ್ದ ಕ್ಯಾಮೆರಾ.
ಅವರಿಗೆ ಮೊಸಳಿ ಒಂದೇ ಬೇಕಿತ್ತು.

ಕಾಂಡ್ಲಾ ಗಿಡಗೋಳು
ಸೀರಿ ಎತ್ತಿ ಹಿಡಕೊಂಡು ಹೊಳಿ ದಾಟೋ ಹೆಂಗಸರಂಗ
ಬೇರು ಕಾಣಿಸಿ ನಿಂತಿದ್ವು.
ಮಿಂಚುಳ್ಳಿ ಒಂದು. ಬೆಳ್ಳಕ್ಕಿ ಎರಡು.
ಮೂರು, ರೆಕ್ಕಿ ಒಣ ಹಾಕಿ ಕುಂತ ನೀರುಕಾಗಿ:
ಬಾಲ್ಕನಿಯಾಗ ಹಿಂಡದ ಅಂಗಿ ಹಾಕಿದಂಗ.
ಕೆಸರಿನ ಮ್ಯಾಲೆ ನಡಿಯೋ ಮೀನು ನೋಡಿ
ಇದು ಮೀನೋ ಕಪ್ಪಿಯೋ ಅಂದೆ.
ಅದಕ್ಕೂ ಗೊತ್ತಿಲ್ಲ, ಅಂದ ಗುರುದಾಸ.

ಒಂದು ಬಾತು ಬಂತು, ಕಂದು ತಲಿ, ಚೆಂದಿತ್ತು.
ಕಸ್ತೂರಿ ಬರದ್ಲು.
ಅದು ಇಲ್ಲೀದಲ್ಲ ಬಾಯೀ, ಚಳಿಗೆ ಬರತೈತಿ, ಹೋಗತೈತಿ.
ಅವಳು ರಬ್ಬರ್ ತಗೊಂಡು ಅಳಸಿದ್ಲು,
ಭಾಳ ಹೊತ್ತು ಅಳಸಿದ್ಲು, ಕಾಗದ ತೆಳ್ಳಗಾತು.
ಈಗ ಒಂದು ಪ್ರಶ್ನೆ ಕೇಳತಾಳ ಅಂತ ನನ್ನೆದಿ ಬಡಕೊಂತು.
ಅವಳು ಕೇಳಿದ್ದು:
ಹಂಸ ಬರತಾವೇನು?
ಹಂಸ? ಗುರುದಾಸ ನಕ್ಕ.
ಅವು ಹೋಟೆಲಿನಾಗ ಇರತಾವ.

ದಂಡಿಗೆ ಒಂದು ದಿಮ್ಮಿ ಬಿದ್ದಿತ್ತು.
ಜೋಡಿ ಅದರ ನಲವತ್ತು ಫೋಟೋ ತಗೊಂತು.
ಗುರುದಾಸ ಹೌದೂ ಅನಲಿಲ್ಲ, ಅಲ್ಲಾನೂ ಅನಲಿಲ್ಲ,
ಅವರು ಕೊಟ್ಟ ನೂರು ಕಿಸೆಕ್ಕಿಟ್ಟ.

ನೀರುನಾಯಿಯ ಹೆಜ್ಜಿ ಇತ್ತು, ನೀರುನಾಯಿ ಇರಲಿಲ್ಲ.
ಹೆಜ್ಜಿ ಕಂಡರ ಅರ್ಧ ಕಂಡಂಗ ಅಂದ.
ಪಟ್ಟಿ ಒಂಬತ್ತೂವರಿಗೆ ನಿಂತು,
ಹಂಗೇ ಒಯ್ಯತೀನಿ ಅಂದ್ಲು ಮಗಳು.

ನನಗ ಹಿಡಿಸಿದ್ದು ಏಡಿ.
ಉಗುರಿನಷ್ಟು ಮೈ, ಒಂದು ಕೈ ಮಾತ್ರ ದೊಡ್ಡದು.
ಎತ್ತತಿತ್ತು, ಇಳಸತಿತ್ತು, ಎತ್ತತಿತ್ತು,
ರಸ್ತೆದಾಚೆಯಿಂದ ಯಾರೋ ಪರಿಚಯದವರು
ಏ, ಇತ್ಲಾಗ ಅಂದಂಗ.
ನಾನೂ ಕೈ ಎತ್ತಿದೆ. ಯಾರೂ ನೋಡಲಿಲ್ಲ.

ಶುಕ್ರವಾರ, ಮುನ್ನೂರಾ ಒಂಬತ್ತನೇ ಖೋಲಿ.
ದೊಡ್ಡ ಟವೆಲ್ ಮೈ, ಕೈ ಒರಸೋದು ಕೊಂಡಿ,
ಶಾಂಪೂ ಬಾಟಲಿಯ ಮುಚ್ಚಳ ಎರಡು, ಕಣ್ಣು.
ಮೇಡಂ ಬಾಗಿಲದಾಗ ನಿಂತ್ಲು.
ಏನಿದು?
ಏಡಿ.
ಯಾಕ?
ಇಲ್ಲೀದು, ಅಂದೆ.
ಬಿಚ್ಚಾಕ ಕೈ ಚಾಚಿದ್ಲು. ಮುಚ್ಚಳ ಒಂದು ಸೊಟ್ಟ ಇತ್ತು,
ಅದನ್ನ ನೆಟ್ಟಗ ಮಾಡಿ
ಹನ್ನೆರಡಕ್ಕ ಗಿರಾಕಿ ಬರತಾರ ಅಂತ ಹೊಂಟ್ಲು.

ಮರುದಿನ ಕಸ ಹೊಡಿಯಾಕ ಹೋದೆ.
ಹಾಸಿಗಿ ಚೆಲ್ಲಾಪಿಲ್ಲಿ, ಬಿಯರಿನ ಡಬ್ಬಿ, ಮರಳು.
ಟವೆಲ್ ಬಳಸಿರಲಿಲ್ಲ ಯಾರೂ.
ಏಡೀನ ಎತ್ತಿ ಕುರ್ಚಿ ಮ್ಯಾಲೆ ಇಟ್ಟಿದ್ರು,
ಹೊಳಿ ಕಾಣೋ ಹಂಗ.