ನಾಲ್ಕು ವರ್ಷ

ಪ್ರತಿ ಮೇ ತಿಂಗಳೂ ಬರುತ್ತದೆ ಆಲ್ಫ್‌ಹಿಲ್ಡಳ ಪತ್ರ:
"ನಿಮ್ಮ ಹೊಲದ ನಾತ ನಮ್ಮ ಮೂರನೇ ಮಹಡಿಗೂ ಹತ್ತಿದೆ, ಸ್ವಾಮಿ."
ನಿಜ. ಮೆಲಾರೆನ್ ಸರೋವರದ ದಡದ ಈ ಊರು
ಚರಂಡಿಗಿಳಿಸಿದ್ದನ್ನೆಲ್ಲ ಸೋಸಿ, ಕೊಳೆಸಿ,
ಕರೀ ಗಸಿಯಾದ ಮೇಲೆ
ಟ್ಯಾಂಕರಿನಲ್ಲಿ ತರುತ್ತೇನೆ ನಾನು, ಟೂರೆ,
ವಿಲೋ ಸಾಲುಗಳ ಬುಡಕ್ಕೆ.

ತಿನ್ನುವ ಬೆಳೆಗೆ ಇದನ್ನು ಸುರಿಯಲು ನನಗೇ ಧೈರ್ಯವಿಲ್ಲ.
ವಿಲೋಗೆ ಮಡಿ ಮೈಲಿಗೆಯಿಲ್ಲ.
ಕತ್ತಲಾಗದ ಜೂನಿನ ರಾತ್ರಿ ಕಿವಿಗೊಟ್ಟರೆ
ಅದು ಬೆಳೆಯುವುದು ಕೇಳುತ್ತದೆ, ಎನ್ನುತ್ತಿದ್ದ ಅಪ್ಪ.
ನನಗೆ ಕೇಳಿದ್ದು ಸೊಳ್ಳೆ.

ಎಲೆ ಉದುರಿ ನೆಲ ಕಲ್ಲಾದ ಮೇಲೆ ಕೊಯ್ಲು.
ಚಕ್ಕೆಚಕ್ಕೆಯಾಗಿ ಊರಿನ ದೊಡ್ಡ ಒಲೆಗೆ;
ಅಲ್ಲಿಂದ ಬಿಸಿನೀರು, ಮನೆಮನೆಯ ಗೋಡೆಗೆ.
ಚಳಿಗಾಲದಲ್ಲಿ ಆ ಕೊಳವೆಗಳ ರಿಪೇರಿಯವನೂ ನಾನೇ.

ಫೆಬ್ರವರಿಯಲ್ಲಿ ಫೋನು: "ರೇಡಿಯೇಟರು ಟಕಟಕ ಅನ್ನುತ್ತಿದೆ."

ಹೊರಗೆ ಮೈನಸ್ ಹತ್ತೊಂಬತ್ತು. ಒಳಗೆ
ಆಲ್ಫ್‌ಹಿಲ್ಡ್ ತೆಳು ಅಂಗಿಯಲ್ಲಿ, ಬರಿಗಾಲಲ್ಲಿ;
ಕಿಟಕಿಯಲ್ಲೊಂದು ಆರ್ಕಿಡ್, ನಾಚಿಕೆಯಿಲ್ಲದೆ ಅರಳಿ.
ಸಿಕ್ಕಿಕೊಂಡ ಗಾಳಿ ಬಿಟ್ಟೆ. ಸದ್ದು ನಿಂತಿತು.
ಕಬ್ಬಿಣದ ಮೇಲೆ ಅಂಗೈಯಿಟ್ಟು ಹಾಗೇ ಒಂದು ಗಳಿಗೆ:
ಬಹುಶಃ ತೊರೆಯ ಪಕ್ಕದ ಸಾಲು.

ಕಾಫಿ ಕೊಟ್ಟಳು, ಎರಡು ಏಲಕ್ಕಿ ಬನ್ನು.
ಪತ್ರದ ಮಾತು ಅವಳೂ ಎತ್ತಲಿಲ್ಲ.

ಹೊರಡುವ ಮುನ್ನ, ಕೇಳಿ, ಅವಳ ಕಕ್ಕಸಿಗೆ ಹೋಗಿಬಂದೆ.
ಗುಂಡಿ ಒತ್ತಿದೆ. ಗುಳುಗುಳು ಇಳಿದುಹೋಯಿತು ಕಾಫಿ.
ನಾಲ್ಕು ವರ್ಷ, ಅಂದುಕೊಂಡೆ, ಬೂಟು ಕಟ್ಟುತ್ತ.
ಆಮೇಲೆ ಮತ್ತೆ ಈ ಮನೆಗೇ.